ಆಮೆಗೂ ಕಾಲು ತೊಳೆದ ಮೇಲೇ ಊಟ

ಊಟದ ವಿಷಯದಲ್ಲಿ ನಾನು ಅಂಥ ಶಿಸ್ತಿನ ಮನುಷ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಸೀದಾ ತಟ್ಟೆಯ ಮುಂದೆ ಕೂರುವವನು ನಾನು. “ಕೈಕಾಲು ತೊಳ್ಕಂಡು ಉಣ್ಣಾಕೆ ಕೂತ್ಕಳೋ” ಎಂದು ಅವ್ವ ನನಗೆ ಹಲ್ಲು ಮೂಡಿದಾಗಿನಿಂದ ಹೇಳುತ್ತ ಬಂದಿದ್ದಾಳೆ. ಈಗ ನನ್ನ ಹಲ್ಲುಗಳೇ ಅಲ್ಲಾಡತೊಡಗಿವೆ, ಅವಳು ಮಾತ್ರ ಹೇಳುವುದನ್ನು ನಿಲ್ಲಿಸಿಲ್ಲ. ಕೈಯನ್ನಾದರೂ ನಲ್ಲಿಗೆ ತೋರಿಸಿ ಬಂದೇನು. ಕಾಲಿನಿಂದ ಯಾರಾದರೂ ಉಣ್ಣುತ್ತಾರೆಯೇ ಎಂಬುದು ನನ್ನ ವಾದ. ಇಂಥವನ ಕೊರಳಿಗೆ ಒಂದು ಆಮೆಯ ಊಟವನ್ನು ಚೊಕ್ಕಟವಾಗಿಡುವ ಕೆಲಸ ಬಂದು ಬಿತ್ತು.

ನನ್ನ ಹೆಂಡತಿ ಹೊನ್ನಾಳಿಯಲ್ಲಿ ದನದ ಡಾಕ್ಟರು. ಜಗಳೂರು ಸೀಮೆಯ ಸೊಕ್ಕೆಯ ಹತ್ತಿರ ಟ್ರ್ಯಾಕ್ಟರಿನ ಕುಂಟೆ ತಾಗಿ ಚಿಪ್ಪು ಬಿರಿದಿದ್ದ ನಕ್ಷತ್ರ ಆಮೆಯೊಂದನ್ನು ಅರಣ್ಯದ ಗಾರ್ಡ್ ಒಬ್ಬರು ತಂದು ಅವಳಿಗೆ ಒಪ್ಪಿಸಿದರು. ಇಂಥ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ. ನಾವು ಸಾಕಲಿಲ್ಲ ಮಹಾಸ್ವಾಮಿ, ಗಾಯ ಮಾಯುವವರೆಗೆ ಬಾಣಂತನ ಮಾಡಿ ಕಳಿಸಿ ಎಂದು ಅವರೇ ಬಿಟ್ಟುಹೋದರು. ನನ್ನ ಪುಸ್ತಕದ ಕಪಾಟಿನ ಹಲಗೆಗಳನ್ನು ಕಿತ್ತು, ಖಾಲಿ ಕಪಾಟನ್ನು ಕಿಟಕಿಯ ಬಿಸಿಲಿಗೆ ಅಂಗಾತ ಮಲಗಿಸಿ, ಮಣ್ಣು ತುಂಬಿ ಅದಕ್ಕೊಂದು ಮನೆ ಮಾಡಿದ್ದಾಯಿತು. ಪುಸ್ತಕಗಳು ಮಂಚದ ಕೆಳಗೆ ಹೋದವು.

“ರೀ, ಮೊದಲೇ ಸೋತು ಸುಣ್ಣ ಆಗೈತೆ. ಮಣ್ಣು, ಹೊಲಸು ತಿಂದು ಹೊಟ್ಟೆ ಕಟ್ಕಂಡ್ರೆ ಉಳಿಯಲ್ಲ” ಎಂದಳು ಹೆಂಡತಿ. “ನಾನು ಹಳ್ಳಿ ತಿರುಗಾಕೆ ಹೋಗ್ತೀನಿ. ಅದರ ಊಟ ನೀವೇ ನೋಡ್ಕಳಿ.”

ದಾಸವಾಳದ ಎಲೆ, ನುಗ್ಗೆ ಸೊಪ್ಪು, ಗರಿಕೆ ಎಲ್ಲವನ್ನೂ ತೊಳೆದು ಸ್ಟೀಲ್ ತಟ್ಟೆಯಲ್ಲಿಟ್ಟೆ. ಹೊಳೆಯುವ ಅಂಚಿನಲ್ಲಿ ಇನ್ನೊಂದು ಆಮೆ ಕಂಡಿತೋ ಏನೋ, ನಮ್ಮದು ಹೋಗಿ ಡಿಕ್ಕಿ ಹೊಡೆಯಿತು. ತಟ್ಟೆ ಮಗುಚಿ ಸೊಪ್ಪೆಲ್ಲ ಮಣ್ಣುಪಾಲು. ಮರುದಿನ, ಹಿಂದೆ ಅಡುಗೆಮನೆ ಕಟ್ಟಿಸುವಾಗ ಉಳಿದಿದ್ದ ಕಡಪಾ ಕಲ್ಲಿನ ತುಂಡನ್ನು ತೊಳೆದು ಹಾಸಿದೆ. ಆಮೆ ಮಣ್ಣುಗಾಲಿನಲ್ಲಿ ಸೊಪ್ಪಿನ ನಟ್ಟನಡುವೆ ಹತ್ತಿ ನಿಂತು, ಎರಡು ತುತ್ತು ತಿಂದು, ಮಾಡಬಾರದ್ದನ್ನೆಲ್ಲ ಅಲ್ಲೇ ಮಾಡಿ, ಅದರ ಮೇಲೇ ನಡೆದುಹೋಯಿತು. ಕಾಲಿನಿಂದ ಉಣ್ಣುವವರೂ ಇದ್ದಾರೆ ಎಂದು ಆಗ ಗೊತ್ತಾಯಿತು. ಬೈದೆ. ತಲೆಯನ್ನು ಒಳಗೆಳೆದುಕೊಂಡಿತು. ಈ ಸೌಲಭ್ಯ ಗಂಡಂದಿರಿಗೂ ಇರಬೇಕಿತ್ತು.

ಅವ್ವ ಗೋವಿನಕೋವಿ ಹಳ್ಳಿಯ ಹೆಣ್ಣುಮಗಳು. ಮನೆಗೆ ಬಂದವರಿಗೆ ನೆಲದ ಮೇಲೆ ತಟ್ಟೆ ಇಟ್ಟರೆ ಅವಳಿಗೆ ಸರಿಬೀಳುವುದಿಲ್ಲ. “ನೆಂಟರಿಗೆ ಹಿಂಗೆ ಬಡಿಸ್ತಾರೇನೋ? ಅಡ್ಡಣಿಗೆ ಇಡು” ಎಂದು, ತಟ್ಟೆ ಇಡುವ ಹಿತ್ತಾಳೆಯ ಮೂರು ಕಾಲಿನ ಅಡ್ಡಣಿಗೆಯನ್ನು ಅಟ್ಟದಿಂದ ಇಳಿಸಿಕೊಟ್ಟಳು. ನೆಂಟ ಅಡ್ಡಣಿಗೆಯ ಕೆಳಗೆ ನುಗ್ಗಿ ನೆರಳಿಗೆ ಮಲಗಿತು.

ನಗುವುದೆಲ್ಲ ಅಲ್ಲಿಗೇ ಮುಗಿಯಿತು. ಕೊಳೆಯಾದ ಸೊಪ್ಪನ್ನು ನಾನು ಎತ್ತಿ ಎಸೆಯುವುದು, ಅದು ಉಪವಾಸ ಬೀಳುವುದು, ಹೀಗೇ ನಡೆದು ಅದರ ತೂಕ ಇಳಿದಿತ್ತು. ಹೆಂಡತಿ ತಕ್ಕಡಿ ನೋಡಿ, ತೂಕವನ್ನು ಚೀಟಿಯಲ್ಲಿ ಬರೆದಿಟ್ಟು ಹಳ್ಳಿಗೆ ಹೊರಟಳು. ಅವಳು ಬೈದರೆ ನನಗೆ ಸಮಾಧಾನ, ಬೈಯದಿದ್ದರೆ ಭಯ. ಟ್ರ್ಯಾಕ್ಟರಿನಿಂದ ಬದುಕಿ ಬಂದ ಜೀವ ನನ್ನ ಕೈಯಲ್ಲಿ ಹೋಗುತ್ತದಲ್ಲ ಎಂದು ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡಿದೆ.

ಬೆಳಿಗ್ಗೆ ನಾನು ಮತ್ತೆ ಸೊಪ್ಪು ತೊಳೆಯುತ್ತಿದ್ದರೆ ಅವ್ವ ರೇಗಿದಳು. “ಸೊಪ್ಪು ತೊಳಿತೀಯ, ಕಲ್ಲು ತೊಳಿತೀಯ, ಉಣ್ಣೋರ ಕಾಲು ಯಾರು ತೊಳಿಬೇಕು? ನಿನ್ನಂಗೇ ಐತೆ ನೋಡು ಅದೂ. ಧೂಳುಗಾಲಾಗೆ ಸೀದಾ ಊಟಕ್ಕೆ ಬರ್ತೈತೆ!” ಎಂದವಳೇ ದೊಡ್ಡ ಪ್ಲಾಸ್ಟಿಕ್ ಟ್ರೇಯಲ್ಲಿ ಉಗುರು ಬೆಚ್ಚಗಿನ ನೀರು ತಂದಳು. ಚಿಪ್ಪಿನ ಗಾಯಕ್ಕೆ ಹೆಂಡತಿ ಹಾಕಿದ್ದ ಪಟ್ಟಿಗೆ ತಾಗದಷ್ಟು, ಕಾಲು ಮುಳುಗುವಷ್ಟೇ ನೀರು. ಆಮೆಯನ್ನು ಅದರಲ್ಲಿ ಇಳಿಸಿದೆವು. ಅದು ಕತ್ತು ನೀಡಿ ನೀರು ಕುಡಿಯಿತು. ಆಮೇಲೆ ನನ್ನ ಕಲ್ಲಿನ ಮೇಲೆ ಮಾಡುತ್ತಿದ್ದ ಬಹಿರ್ದೆಸೆಯನ್ನೆಲ್ಲ ಆ ನೀರಿನಲ್ಲೇ ಪೂರೈಸಿತು. ಕಾಲು ಒರೆಸಿ (ಟವೆಲ್ ನನ್ನದೇ) ಕಲ್ಲಿನ ಮೇಲೆ ಬಿಟ್ಟರೆ ಒಂದಿಡೀ ದಾಸವಾಳದ ಹೂವು ತಿಂದು, ಗರಿಕೆಗೂ ಬಾಯಿ ಹಾಕಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಸೊಪ್ಪು ತರುವ ನೆಪದಲ್ಲಿ ಹಿತ್ತಿಲಿಗೆ ಹೋದೆ.

“ಬೆಚ್ಚನೆ ನೀರಾಗೆ ನಿಂತ್ರೆ ಆಮೆಗಳು ಹಂಗೇ ಮಾಡ್ತಾವೆ ಕಣ್ರೀ. ಓದಿದ್ದೆ, ಈ ಗಡಿಬಿಡೀಲಿ ಮರ್ತೇಬಿಟ್ಟೆ” ಎಂದು ಸಂಜೆ ಹೆಂಡತಿ ನಕ್ಕಳು. ಅವ್ವನಿಗೆ ಇದೊಂದೂ ಗೊತ್ತಿರಲಿಲ್ಲ. ಅವಳಿಗೆ ಅದು ಬರೀ ಮರ್ಯಾದೆಯ ಪ್ರಶ್ನೆ. ದಿನಾ ಮೊದಲು ಸ್ನಾನ, ಆಮೇಲೆ ಊಟ, ಆಮೇಲೆ ನಾನು ಕಲ್ಲು ತೊಳೆಯುವುದು ಎಂದು ವ್ಯವಸ್ಥೆಯಾಯಿತು. ಗಾಯ ಮಾಯಿತು.

ಮೊನ್ನೆ ಗಾರ್ಡ್ ಜೊತೆ ಹೋಗಿ ಅದನ್ನು ಸೊಕ್ಕೆಯ ಕಡೆಯ ಕುರುಚಲು ಕಾಡಿನಲ್ಲಿ ಬಿಟ್ಟು ಬಂದೆವು. ಅದು ತಿರುಗಿ ನೋಡಲಿಲ್ಲ. ನನಗೇನೂ ಬೇಸರವಾಗಲಿಲ್ಲ, ನಡೆದುಹೋಗುತ್ತಿತ್ತಲ್ಲ, ಅದೇ ದೊಡ್ಡದು. ತಂದುಕೊಟ್ಟ ಗಾರ್ಡಿಗೆ, ನನ್ನನ್ನು ನಂಬಿ ಬಿಟ್ಟ ಹೆಂಡತಿಗೆ, ರೇಗಿದ ಅವ್ವನಿಗೆ, ಕೊನೆಗೂ ಬಾಯಿ ತೆರೆದ ಆ ಜೀವಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಮನೆಗೆ ಬಂದಾಗ ಮೈಯೆಲ್ಲ ಧೂಳು, ಹೊಟ್ಟೆ ಚುರುಗುಟ್ಟುತ್ತಿತ್ತು. ಅಭ್ಯಾಸಬಲದಿಂದ ಸೀದಾ ತಟ್ಟೆಯ ಕಡೆ ಹೊರಟವನು ಬಾಗಿಲಲ್ಲೇ ನಿಂತೆ. ಬಚ್ಚಲಲ್ಲಿ ಅದೇ ಟ್ರೇ, ಅದರ ತುಂಬ ಹಬೆಯಾಡುವ ನೀರು. ಪ್ಯಾಂಟು ಮಡಚಿಕೊಂಡು ಹೋಗಿ ಅದರಲ್ಲಿ ಕಾಲಿಟ್ಟೆ. ಅಡುಗೆಮನೆಯಿಂದ ಅವ್ವನ ದನಿ ಬಂತು:

“ಏ ತಮ್ಮಾ, ಆಮೆ ಮಾಡ್ದಂಗೆ ಮಾಡಬ್ಯಾಡ, ನೀನು ಬರೀ ಕಾಲು ತೊಳ್ಕಂಡು ಬಾ, ಸಾಕು!”