ಎದುರುಮನೆಯ ಹೊಳಪು

ಮರಗೆಲಸದ ಹುಚ್ಚಿರುವವನ ಮನೆಯಲ್ಲಿ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಎದುರಿನ ಫ್ಲ್ಯಾಟಿನವರಿಗೂ ಅದೇ ಹುಚ್ಚಿದ್ದು, ಅವರ ಕೈ ನಮ್ಮ ಕೈಗಿಂತ ಚೆನ್ನಾಗಿದ್ದರಂತೂ ಫಜೀತಿಗೆ ರಜೆಯೇ ಇಲ್ಲ.

ನಾನು ಧಾರವಾಡದವನು. ಕೆಲಸ ಥಾಣೆಯ ವಿಮಾ ಕಚೇರಿಯಲ್ಲಿ, ಮನೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ಭಾನುವಾರವೆಲ್ಲ ಬಾಲ್ಕನಿಯಲ್ಲಿ ಗರಗಸದ ಜೊತೆ. ಎದುರುಮನೆಯವರು ಮೈಸೂರಿನವರು, ಐರೋಲಿಯಲ್ಲಿ ಐಟಿ ಕೆಲಸ. ಸಭ್ಯರು, ಮೆಲುದನಿಯವರು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ನನ್ನ ಆಸೆ ಇಷ್ಟೇ: ನನ್ನ ಹೆಂಡತಿ ಒಮ್ಮೆಯಾದರೂ ಅವರ ಕೆಲಸ ಬಿಟ್ಟು ನನ್ನದನ್ನು ಚೆನ್ನಾಗಿದೆ ಅನ್ನಬೇಕು.

ಪಾಠ

ಅವರಿಗೆ ಈ ಹುಚ್ಚು ಹಿಡಿಸಿದವನು ನಾನೇ. ನನ್ನ ಸಾಗುವಾನಿ ಟ್ರೇ ನೋಡಿ, "ಸಾರ್, ಇದಕ್ಕೆ ಏನ್ ಹಾಕಿದ್ದೀರಾ?" ಎಂದು ಕೇಳಿದರು. ಕೇಳುವವರು ಸಿಕ್ಕರೆ ನಾನು ಬಿಡುತ್ತೇನೆಯೇ? ಹಸಿ ಅಗಸೆ ಎಣ್ಣೆ ಬೇಡ, ಒಣಗುವಷ್ಟರಲ್ಲಿ ಹಬ್ಬ ಕಳೆದಿರುತ್ತದೆ; ಕಾಯಿಸಿದ ಅಗಸೆ ಎಣ್ಣೆ ಅಂತಲೇ ಕೇಳಿ ತನ್ನಿ; ಮರಳು ಕಾಗದವನ್ನು ಮರದ ಗೆರೆಗುಂಟವೇ ಉಜ್ಜಿ, ಅಡ್ಡ ಉಜ್ಜಿದರೆ ಎಣ್ಣೆ ಬಿದ್ದೊಡನೆ ಗೀರೆಲ್ಲ ಎದ್ದು ಕಾಣುತ್ತವೆ. ಹೀಗೆ ಚಹಾ ಎರಡು ಸಲ ಬಂದು ಹೋದರೂ ನನ್ನ ಉಪನ್ಯಾಸ ಮುಗಿದಿರಲಿಲ್ಲ.

ಮುಂದಿನ ವಾರ ಅವರು ಬೀಟೆ ಮರದ ಟ್ರೇ ಹಿಡಿದು ತೋರಿಸಲು ಬಂದರು. ಅದರ ಹೊಳಪು ನೋಡಿ ನನ್ನ ಟ್ರೇಯನ್ನು ಮೆಲ್ಲಗೆ ಹಿಂದೆ ಸರಿಸಿದೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು, "ಬಾಬಾ, ಕಾಕಾಂಚಾ ಟ್ರೇ ಭಾರೀ ಆಹೇ" ಎಂದು ಮರಾಠಿಯಲ್ಲೇ ತೀರ್ಪು ಕೊಟ್ಟಳು, ಕಾಕಾನ ಟ್ರೇಯೇ ಜೋರೆಂದು.

"ಎಲ್ಲಾ ನಾನs ಕಲಿಸಿದ್ದು," ಎಂದೆ ಹೆಂಡತಿಗೆ.

ಅವಳು ಎರಡೂ ಟ್ರೇಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. "ಹಂಗಾದ್ರ ನೀವೂ ನಿಮ್ಮ ಕಡೆಯಿಂದನs ಸ್ವಲ್ಪ ಕಲೀಬಾರದೇನ್ರಿ?"

ಶೇಂಗಾ ಎಣ್ಣೆ

ಅವರು ವಾಶಿಯ ಯಾವುದೋ ಅಂಗಡಿಯಿಂದ ಟಂಗ್ ಆಯಿಲ್ ಎಂಬ ಪರದೇಶದ ಎಣ್ಣೆ ತಂದರು. ನಾನು ಹಟಕ್ಕೆ ಬಿದ್ದೆ. ನಮ್ಮೂರ ಗಾಣದ ಶೇಂಗಾ ಎಣ್ಣೆ ಮನೆಯಲ್ಲೇ ಡಬ್ಬಿಗಟ್ಟಲೆ ಇರುವಾಗ ಪರದೇಶದ್ದು ಯಾಕೆ? ಹೊಸ ಶೂ ರ‍್ಯಾಕಿಗೆ ಅದನ್ನೇ ಧಾರಾಳವಾಗಿ ಉಜ್ಜಿದೆ.

ಅಡುಗೆಯ ಎಣ್ಣೆ ಮರದ ಮೇಲೆ ಒಣಗುವ ಜಾತಿಯದಲ್ಲ, ಬರೀ ಕಮಟುತ್ತದೆ. ನಮ್ಮ ಬಾಗಿಲಲ್ಲಿ ನಿನ್ನೆಯ ಬಾಣಲೆಯ ವಾಸನೆ ಶುರುವಾಯಿತು. ಒಂದು ಸಂಜೆ ಎದುರುಮನೆಯವರು ಹೆಂಡತಿಯೊಡನೆ ಬಂದು ರ‍್ಯಾಕಿನ ಪಕ್ಕದ ಸೋಫಾದಲ್ಲಿ ಕುಳಿತರು. ಮಾತು ಮುಗಿಯಿತು, ಚಹಾ ಮುಗಿಯಿತು, ಅವರು ಏಳಲೊಲ್ಲರು. ಮತ್ತೆ ಮತ್ತೆ ಅಡುಗೆಮನೆಯ ಕಡೆ ಇಣುಕಿ ನೋಡುತ್ತಾರೆ. ಕೊನೆಗೆ ಅವರೇ ಸಂಕೋಚದಿಂದ, "ಬೋಂಡ ಏನಾದ್ರೂ ಮಾಡ್ತಿದ್ರೆ ನಮಗೋಸ್ಕರ ಜಾಸ್ತಿ ಮಾಡ್ಬೇಡಿ, ಒಂದೆರಡು ಸಾಕು" ಎಂದರು.

ನನ್ನ ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿ, ಒಳಗೆ ಹೋಗಿ ಉಳ್ಳಾಗಡ್ಡಿ ಹೆಚ್ಚಿದಳು. ನನ್ನ ರ‍್ಯಾಕಿನ ವಾಸನೆಗೆ ಅವರು ನನ್ನ ಪಾಲಿನ ಭಜಿಯನ್ನೂ ತಿಂದು ಹೋದರು.

ಚಿಂದಿ

ಅವರು ಎಣ್ಣೆ ಹಚ್ಚಿದ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದರು. "ಎಷ್ಟ್ ನೀಟ್ ನೋಡ್ರಿ," ಎಂದಳು ಹೆಂಡತಿ. ಚಿಂದಿಗೂ ಇಷ್ಟೊಂದು ಶೋಕಿಯೇ ಎಂದುಕೊಂಡು ನಾನು ನನ್ನವನ್ನು ಮುದ್ದೆ ಮಾಡಿ ಬಕೆಟ್ಟಿಗೆ ತುರುಕಿದೆ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬುದು ನನಗೆ ತಿಳಿದದ್ದು ಅದೇ ಮಧ್ಯಾಹ್ನ.

ಬಾಲ್ಕನಿಯಲ್ಲಿ ಹೊಗೆ. ನಾನು ಬಚ್ಚಲಲ್ಲಿ ಮಗ್ಗು ಹುಡುಕುತ್ತಿರುವಾಗಲೇ ಅವರು ತುಂಬಿದ ಕೊಡದೊಂದಿಗೆ ಓಡಿಬಂದು ಎಲ್ಲವನ್ನೂ ಆರಿಸಿ, ನೆಲವನ್ನೂ ಒರೆಸಿದರು. "ಪರವಾಗಿಲ್ಲ ಸಾರ್, ಎಲ್ಲರಿಗೂ ಆಗತ್ತೆ," ಎಂದರು. ಎಲ್ಲರಿಗೂ ಆಗುತ್ತದಂತೆ, ಅವರೊಬ್ಬರನ್ನು ಬಿಟ್ಟು.

ಸಂಜೆ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪಿನ ತುಂಬ ಅವರಿಗೆ ಕೈಮುಗಿದವರೇ. ಬೆಂಕಿ ನನ್ನದು, ಹೆಸರು ಅವರದು.

ಚೌರಂಗ

ಈ ಸಲ ಸೊಸೈಟಿಯ ಗಣಪತಿಗೆ ಹೊಸ ಚೌರಂಗ, ಅಂದರೆ ಮೂರ್ತಿ ಕೂರಿಸುವ ನಾಲ್ಕು ಕಾಲಿನ ಮಣೆ, ಬೇಕಾಗಿತ್ತು. ಸೆಕ್ರೆಟರಿ ನಮ್ಮಿಬ್ಬರನ್ನೂ ಕರೆದು, "ದೋನೋ ಬನಾವೋ ಕಾಕಾ, ಜೋ ಅಚ್ಛಾ ಲಗೇಗಾ ವೋ ರಖೇಂಗೇ," ಎಂದರು, ಇಬ್ಬರೂ ಮಾಡಿ, ಚೆನ್ನಾಗಿ ಕಂಡದ್ದನ್ನು ಇಡುತ್ತೇವೆಂದು.

ಇದೊಂದನ್ನು ನಾನು ಬಿಟ್ಟುಕೊಡುವ ಹಾಗಿರಲಿಲ್ಲ. ಪಕ್ಕದೂರು ಕಲ್ಯಾಣದಿಂದ ಒಳ್ಳೆಯ ಸಾಗುವಾನಿ ತಂದು, ಕಾಯಿಸಿದ ಅಗಸೆ ಎಣ್ಣೆಯನ್ನೇ ಹಚ್ಚಿ, ತಕರಾರಿಲ್ಲದ ಚೌರಂಗ ಮಾಡಿದೆ. ಗಣಪತಿ ಕಮಿಟಿಯವರು ಆಯ್ಕೆ ಮಾಡುವ ದಿನ ಬೆಳಿಗ್ಗೆ ಎದುರುಮನೆಯವರದು ಲಿಫ್ಟಿನಲ್ಲಿ ಇಳಿಯುವುದನ್ನು ಕಂಡೆ. ಕನ್ನಡಿಯಂತಿತ್ತು. ಒಳಗೆ ಓಡಿ ನನ್ನದರ ಮೇಲೆ ಇನ್ನೊಂದು ಕೈ ಎಣ್ಣೆ ಸುರಿದೆ. ಮರ ಕುಡಿಯದೆ ಉಳಿದ ಎಣ್ಣೆಯನ್ನು ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಅಂಟಾಗುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆದರೆ ಒರೆಸಿದರೆ ಹೊಳಪು ಇಳಿಯುತ್ತಿತ್ತು. ಒರೆಸಲಿಲ್ಲ.

ಹಸಿ ಎಣ್ಣೆಯ ಥಳಥಳ ನೋಡಿ ಕಮಿಟಿಯವರೆಲ್ಲ ನನ್ನದನ್ನೇ ಆರಿಸಿದರು. ಮೇಲೆ ಕೆಂಪು ಬಟ್ಟೆ ಹಾಸಲು ಬಂದವರನ್ನು ನಾನು ತಡೆದೆ. ಇಷ್ಟು ಕಷ್ಟಪಟ್ಟದ್ದನ್ನು ಬಟ್ಟೆಯಡಿ ಮುಚ್ಚುವುದೇ? ಮಣ್ಣಿನ ಗಣಪತಿಯನ್ನು ಬರೀ ಮರದ ಮೇಲೆಯೇ ಕೂರಿಸಿದರು. ನನ್ನ ಹೆಂಡತಿ ಆರತಿ ಮುಗಿಸಿ ಬಂದು, "ಚಲೋ ಆಗೇದ್ರಿ," ಎಂದಳು. ಆ ಐದು ದಿನ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ವಿಸರ್ಜನೆಯ ದಿನ ಡೋಲು ಶುರುವಾಯಿತು, ನಾಲ್ಕು ಜನ ಮೂರ್ತಿಗೆ ಕೈ ಹಾಕಿದರು. ಗಣಪತಿ ಏಳಲಿಲ್ಲ. ಮೂರ್ತಿಯನ್ನು ಎತ್ತಿದರೆ ಚೌರಂಗವೂ ಮೇಲೇಳುತ್ತದೆ. ಇನ್ನೂ ಜಗ್ಗಿದರೆ ಮೂರ್ತಿ ಮುರಿಯುತ್ತದೆ. ಡೋಲು ನಿಂತಿತು. ನೆಲಮಹಡಿಯ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡು, "ಬಾಪ್ಪಾಲಾ ಜಾಯಚಂಚ್ ನಾಹೀ," ಎಂದರು, ದೇವರಿಗೆ ಹೋಗುವ ಮನಸ್ಸೇ ಇಲ್ಲವೆಂದು. ಎಲ್ಲರೂ ಕೈಮುಗಿದರು. ನಾನೂ ಮುಗಿದೆ, ಬೇರೆ ಕಾರಣಕ್ಕೆ.

ಎದುರುಮನೆಯವರು ಚೌರಂಗದ ಅಂಚಿನ ಮೇಲೆ ಒಂದು ಬೆರಳು ಎಳೆದು, ಬೆರಳನ್ನು ನೋಡಿ, ನನ್ನನ್ನು ನೋಡಿ, ಕಿವಿಯ ಬಳಿ ಬಾಗಿದರು. "ಒರೆಸಲಿಲ್ವಾ ಸಾರ್?"

ಉತ್ತರಕ್ಕೆ ಕಾಯದೆ ಅವರು ಎಲ್ಲರತ್ತ ತಿರುಗಿ, "ಬಾಪ್ಪಾ ಕೋ ಆಸನ್ ಪಸಂದ್ ಆಯಾ ಹೈ, ಆಸನ್ ಕೇ ಸಾಥ್ ಹೀ ಭೇಜೇಂಗೇ," ಎಂದರು, ದೇವರಿಗೆ ಆಸನ ಹಿಡಿಸಿದೆ, ಆಸನದ ಸಮೇತವೇ ಕಳಿಸೋಣವೆಂದು. ಜೈಕಾರ ಎದ್ದಿತು. ಮೊದಲ ಕಾಲಿಗೆ ಹೆಗಲು ಕೊಟ್ಟವರೂ ಅವರೇ. ನನ್ನ ಮಾನ ಉಳಿಸಿದ ಆ ಮನುಷ್ಯನ ಒಳ್ಳೆಯತನ ಕಂಡು ನನಗೆ ಇನ್ನಷ್ಟು ಹೊಟ್ಟೆ ಉರಿಯಿತು.

ತಾಸು ತಡವಾಗಿಯಾದರೂ ಚೌರಂಗ ಗಣಪತಿಯೊಂದಿಗೆ ನೀರಿಗಿಳಿಯಿತು. ತಿರುಗಿ ಬರುವಾಗ ಹೆಂಡತಿ ಜೊತೆಗಿದ್ದಳು. ನನಗೆ ತಡೆಯಲಾಗಲಿಲ್ಲ.

"ಏನs ಅನ್ನು, ಚೌರಂಗ ಚಲೋ ಇತ್ತಿಲ್ಲೋ?"

"ಚಲೋ ಇತ್ರಿ," ಎಂದಳು. "ಆದ್ರ ಅವರದ ಇಟ್ಟಿದ್ರ ಗಣಪತಿ ಟೈಮಿಗೆ ಸರಿಯಾಗಿ ಮನಿ ಮುಟ್ಟತಿದ್ದ."