ದೇವರ ಹಾಡಿಗೆ ಇಟ್ಟ ನಕ್ಷತ್ರ

ದೇವರ ಹೆಸರನ್ನು ಬೋಳಾಗಿ ಬರೆಯಲು ನನಗೆ ಕೈ ಬರುವುದಿಲ್ಲ. ರಂಗೋಲಿ ಇಲ್ಲದ ಹೊಸ್ತಿಲಿನ ಹಾಗೆ ಕಾಣುತ್ತದೆ. ಆದ್ದರಿಂದ ಹಿಂದೊಂದು ಮುಂದೊಂದು ನಕ್ಷತ್ರವನ್ನು ಸ್ವಲ್ಪ ಜಾಗ ಬಿಟ್ಟು ಹಾಕಿಯೇ ಬರೆಯುವುದು. ಹುಣಸೂರಿನ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲೂ ಶಿವನ ಹಾಡಿಗೆ ಹಾಗೆಯೇ ಹೆಸರಿಟ್ಟೆ. ಬೆಳಿಗ್ಗೆ ಅತ್ತೆಯವರು ಆ ಹಾಡು ಕೇಳಲೆಂದು, ಕಂಪ್ಯೂಟರ್ ಕಲಿಯುತ್ತಿರುವ ಮಗಳು ಸುಧಾ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಒಂದು ಗುಂಡಿ ಒತ್ತಿದರೆ ಸಾಕು, ಹಾಡು ಬರಬೇಕು.

ಸೋಮವಾರ ಅತ್ತೆ ವಿಭೂತಿ ಇಟ್ಟು, ಕಣ್ಣು ಮುಚ್ಚಿ, ಕೈಮುಗಿದು ಕೂತರು. ಒತ್ತಿದೆ. ಶಿವ ಬರಲಿಲ್ಲ, ನಾನೇ ಬಂದೆ! "ಅಕ್ಕಾ, ನಮ್ಮತ್ತೆ ಸಾರು ತಿಂದು ತಿಂದು ನಾಲ್ಗೆ ಸತ್ತೋಗದೆ ಕಣಕ್ಕ. ಉಪ್ಪು ಅಂದ್ರೆ ಚಿನ್ನ ಅನ್ಕಂಡವ್ರೆ." ಕಂಪಲಾಪುರದ ಅಕ್ಕನಿಗೆ ಕಳಿಸಿದ್ದ ವಾಯ್ಸ್ ಮೆಸೇಜು. ಫೋನು ತುಂಬಿತೆಂದು ಸುಧಾ ಅಂಥವನ್ನೆಲ್ಲ ಕಂಪ್ಯೂಟರಿನಲ್ಲಿ ಹಾಡಿನ ಜೊತೆಗೇ ತುಂಬಿಟ್ಟಿದ್ದಳಂತೆ. ನಿಲ್ಲಿಸಲು ಗೊತ್ತಾಗದೆ ಪೂಜೆಯ ಗಂಟೆಯನ್ನು ಜೋರಾಗಿ ಬಾರಿಸಿದೆ. ಮುಂದಿನದು ನಾದಿನಿಯ ವಿಷಯ. ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ತೆಗೆಯುವವರ ಹೊಟ್ಟೆ ತಣ್ಣಗಿರಲಿ.

ಅತ್ತೆ ಎದ್ದು ಒಲೆಯ ಕಡೆ ಹೋದರು. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಉಳಿಸಿಕೊಂಡ ಸಮಾಧಾನ ಹೊಗೆಯಾಯಿತಲ್ಲ ಎಂದು ಸುಧಾಳನ್ನು ಕೂಗಿದೆ.

"ತಪ್ಪು ನಂದೇ ಕಣಮ್ಮ," ಎಂದಳು ಸುಧಾ. "ಹಾಡು ಹಾಕೋ ಪ್ಲೇಯರ್‌ಗೆ ನಾನು ನೇರವಾಗಿ ಹೇಳಿಲ್ಲ. ನಡುವೆ ಶೆಲ್ ಅಂತ ಒಬ್ಬ ಅವ್ನೆ, ಅವನ ಕೈಲಿ ಹೇಳ್ಸಿದೀನಿ. ಒಂಟಿ ನಕ್ಷತ್ರ ಕಂಡ್ರೆ ಅವನು 'ಇಲ್ಲಿರೋದೆಲ್ಲಾ' ಅಂತ ತಿಳ್ಕತಾನೆ. ನೇರವಾಗಿ ಹೇಳಿದ್ರೆ ನಕ್ಷತ್ರ ಬರೀ ನಕ್ಷತ್ರ."

ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಯಜಮಾನರೂ ಅದೇ ಜಾತಿ. ಪಕ್ಕದ ಮನೆಯ ಗೌರಮ್ಮನನ್ನು ಊಟಕ್ಕೆ ಕರೆಯಿರಿ ಎಂದರೆ ಬೀದಿಯನ್ನೇ ಕರೆದುಕೊಂಡು ಬಂದವರು. ಗೌರಮ್ಮನನ್ನು ನಾನೇ ಕೂಗಿದ್ದರೆ ಅನ್ನ ಸಾಲುತ್ತಿತ್ತು.

ಕರೆಂಟು ಬಂದ ಮೇಲೆ ಸುಧಾ ಆ ನಡುವಿನವನನ್ನು ತೆಗೆದಳು. ಈಗ ಒತ್ತಿದರೆ ಶಿವನೊಬ್ಬನೇ ಬಂದ, ನಕ್ಷತ್ರಗಳ ಸಮೇತ.

ಮಧ್ಯಾಹ್ನ ಅತ್ತೆ ಮುದ್ದೆಯ ಮೇಲೆ ಸಾರು ಬಿಟ್ಟು, ಉಪ್ಪಿನ ಬಟ್ಟಲನ್ನು ನನ್ನ ತಟ್ಟೆಗೆ ಒತ್ತಿ ಇಟ್ಟರು. "ಉಪ್ಪು ಸಾಲ್ದು ಅಂದ್ರೆ ನಂಗೇ ಯೋಳವ್ವ. ತಟ್ಟೆಯಿಂದ ಒಲೆಗೆ ಬರೋ ಮಾತು ಕಂಪಲಾಪುರದ ಮ್ಯಾಲೆ ಸುತ್ಕಂಡು ಬರ್ಬೇಕಾ?" ಎಂದು ನಕ್ಕರು. ನನ್ನ ಕಣ್ಣು ತುಂಬಿತು. ಒಂದು ತುತ್ತು ನುಂಗಿದೆ. ಶಿವ ಶಿವ, ಬರೀ ಉಪ್ಪು!

"ಈಗ ಹೆಂಗದೆ?"

"ಭೇಷಾಗದೆ ಅತ್ತೆ," ಎಂದೆ. ಆಮೇಲೆ ಸುಧಾಳ ಕಡೆ ಬಾಗಿ ಪಿಸುಗುಟ್ಟಿದೆ: "ನಾಳೆ ಒಂಚೂರು ಕಮ್ಮಿ ಹಾಕಕ್ಕೆ ಅಜ್ಜಿಗೆ ನೀನೇ ಹೇಳವ್ವ."