ಕೆಂಗಲ್ಲ ಹಳ್ಳದ ನೊರೆಯ ಮೇಲೆ ದಂಡಯಾತ್ರೆ

ಮೊಣಕಾಲು ಮುಳುಗಿಸಲಾರದಿದ್ದರೂ ಏಳು ಊರುಗಳ ದಾಹ ತಣಿಸುವ ಕೆಂಗಲ್ಲ ಹಳ್ಳವೇ, ನಿನ್ನ ಓಟವನ್ನು ನನ್ನ ನಾಲಿಗೆಗೆ ಕೊಡು! ಸುರಾಸುರರು ಕೂಡಿ ಕಡಲನ್ನು ಕಡೆದ ಕಾಲ ಎಂದೋ ಕಳೆದು, ನರರು ಹಳ್ಳಕೊಳ್ಳಗಳಲ್ಲಿ ಸೋಪಿನ ಪುಡಿ ಕದಡುವ ಈ ಕಾಲದಲ್ಲಿ, ಕೆಂಗಲ್ಲಾಪುರ ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಅವತರಿಸಿದ ಇಬ್ಬರು ಮಹಾವೀರರ ಕಥೆಯನ್ನು ಹೇಳುತ್ತೇನೆ.

ಮೊದಲನೆಯವಳು ದಾಕ್ಷಾಯಿಣಿ, ದ್ವಿವೇಣೀಧಾರಿಣಿ, ಒಮ್ಮೆ ಬರೆದ ಅಕ್ಷರವನ್ನು ಅಳಿಸಿ ಅರಿಯದ ಛಲಗಾತಿ. ಎರಡನೆಯವನು ರಾಜೇಸಾಬ, ಕಬಡ್ಡಿರಣಭಯಂಕರ, ಗಂಟಲೆತ್ತಿದರೆ ಮರದ ಗುಬ್ಬಿಗಳನ್ನೆಲ್ಲ ಎಬ್ಬಿಸಬಲ್ಲ ಸಿಂಹಕಂಠ. ಇವರಿಗೆ ಜಲಶಾಸ್ತ್ರವನ್ನು ಉಪದೇಶಿಸಿದ ಗುರು ವಿಜ್ಞಾನದ ಶಿಕ್ಷಕಿ ನೀಲಾಂಬಿಕಾ.

ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ಆಕೆ ಹನ್ನೊಂದು ಮಕ್ಕಳ ಸೇನೆಯನ್ನು ಊರ ಕೆಳಗಿನ ಸೇತುವೆಗೆ ನಡೆಸುತ್ತಿದ್ದಳು. ಹುಳಗಳನ್ನು ಹಿಡಿದು ಎಣಿಸಲು ಚಹಾ ಸೋಸುವ ಜರಡಿಗಳು. ನೀರಿನ ಗುಣವನ್ನು ಬಣ್ಣದಲ್ಲಿ ಹೇಳುವ ಕಾಗದದ ಪಟ್ಟಿಗಳು. ಎಲ್ಲಕ್ಕೂ ಮಿಗಿಲಾದ ಬ್ರಹ್ಮಾಸ್ತ್ರವೆಂದರೆ, ನೀರು ಎಷ್ಟು ತಿಳಿಯಾಗಿದೆಯೆಂದು ಅಳೆಯಲು, ತಳದಲ್ಲಿ ಕಪ್ಪು ಬಿಳುಪಿನ ಬಿಲ್ಲೆ ಅಂಟಿಸಿದ ಉದ್ದನೆಯ ಪಾರದರ್ಶಕ ಕೊಳವೆ. ಅದರೊಳಗೆ ನೀರು ಸುರಿಯುತ್ತ ಮೇಲಿನಿಂದ ಇಣುಕಬೇಕು. ಬಿಲ್ಲೆ ಎಷ್ಟು ಸೆಂಟಿಮೀಟರಿಗೆ ಕಣ್ಮರೆಯಾಯಿತೋ ಅದನ್ನು ದಫ್ತರದಲ್ಲಿ ಬರೆಯಬೇಕು. ಆ ದಫ್ತರ ತಿಂಗಳ ಕೊನೆಗೆ ಪಂಚಾಯ್ತಿಗೆ ಹೋಗುತ್ತಿತ್ತು.

ಆ ಶನಿವಾರ ದಾಕ್ಷಾಯಿಣಿ ಇಣುಕಿ ನಲವತ್ತೆರಡು ಎಂದು ಬರೆದಳು. ರಾಜೇಸಾಬ ಇಣುಕಿ ಹೂಂಕರಿಸಿದನು.

“ಗುಡ್ಡದ ಮ್ಯಾಲಿನ ಕುರಿ ಇಲ್ಲಿಂದ ಎಣಿಸಿ ಹೇಳೋ ಕಣ್ಣ ಇವು! ನಲ್ವತ್ತೇಳಂದ್ರ ನಲ್ವತ್ತೇಳ!”

“ಕುರಿ ಎಣಸಾಕ ಹೋಗ ಹಂಗಾರ, ಇಲ್ಲ್ಯಾಕ ನಿಂತೀ? ನಾ ಬರದೇನಿ. ಅಳಸಂಗಿಲ್ಲ.”

ಕೊಳವೆಯ ಒಂದು ತುದಿಯನ್ನು ಅವನು, ಇನ್ನೊಂದನ್ನು ಅವಳು ಹಿಡಿದೆಳೆಯಲು, ನೀರೆಲ್ಲ ಗುರುವಿನ ಸೀರೆಯ ಮೇಲೆ ಸುರಿಯಿತು. ಆದರೂ ಆ ಕ್ಷಮಾಗುಣಸಂಪನ್ನೆ ಸೆರಗು ಹಿಂಡುತ್ತ, “ಹಳ್ಳದಾಗ ನೀರಿಗೇನು ಬರಾ ಇಲ್ಲ. ಮತ್ತ ತುಂಬ್ರಿ, ಇಬ್ಬರೂ ಕೂಡಿ ನೋಡ್ರಿ,” ಎಂದಳು.

ಇಬ್ಬರೂ ತುಂಬಿಸಲು ಬಾಗಿದಾಗಲೇ ಮೇಲಿನಿಂದ ಶತ್ರು ಬಂದಿತು. ಬೆಳ್ಳಗೆ, ಉಬ್ಬುಬ್ಬಿ, ಜೊಂಡಿಗೆ ತೊಡರಿ, ಕಲ್ಲಿಗೆ ಬಡಿದು ಒಡೆದು ಮತ್ತೆ ಕೂಡಿಕೊಳ್ಳುತ್ತ ಬಂದ ನೊರೆಯ ಸೈನ್ಯ! ನೀರಿನ ಮೇಲೆ ಓಡಾಡುವ ಉದ್ದಗಾಲಿನ ಹುಳಗಳನ್ನು ದಾಕ್ಷಾಯಿಣಿ ಆಗತಾನೆ ಎಣಿಸಿದ್ದಳು, ಹತ್ತೊಂಬತ್ತು. ನೊರೆ ಹಾಯುತ್ತಲೇ ಒಂದೊಂದರ ಕಾಲೂ ಕುಸಿಯಿತು. ಹುಟ್ಟಿದಂದಿನಿಂದ ನೀರಲ್ಲಿ ಮುಳುಗದಿದ್ದವು ಅವಳ ಕಣ್ಣೆದುರೇ ಮುಳುಗಿದವು.

ರಾಜೇಸಾಬ ಜರಡಿಯನ್ನು ಗಗನಕ್ಕೆತ್ತಿ ಗರ್ಜಿಸಿದನು: “ಈ ನೊರಿ ಬಿಟ್ಟಾವನ್ನ ಹಿಡದು ಇದ ಹಳ್ಳದಾಗ ಮೂರ ಸಲ ಮುಳಗಿಸಿ ಎತ್ತಲಿಲ್ಲಂದ್ರ ನಾ ರಾಜೇಸಾಬನ ಅಲ್ಲ!”

“ಮೊದಲ ಯಾರಂತ ನೋಡೂಣು. ಮುಳಗಸೂದು ಆಮ್ಯಾಲೆ,” ಎಂದಳು ನೀಲಾಂಬಿಕಾ.

ಹೀಗೆ ಹಗೆ ಮರೆತ ಇಬ್ಬರು ದಂಡನಾಯಕರು ಸೇನೆಯೊಡನೆ ನೀರಿಗೆದುರಾಗಿ ಹೊರಟರು. ಜಾಲಿಯ ಮುಳ್ಳು ಲಂಗಗಳನ್ನು ಸೀಳಿತು. ಒಂದು ಮಹಿಷಿಯು ದಾರಿಗಡ್ಡ ಮಲಗಿ ಎಷ್ಟು ಸ್ತುತಿಸಿದರೂ ಏಳದಿರಲು, ಸೇನೆಯೇ ಸುತ್ತಿ ನಡೆಯಿತು. ಕೆಸರು ನಾಲ್ಕು ಚಪ್ಪಲಿಗಳನ್ನು ನುಂಗಿ ಮೂರನ್ನು ಹಿಂತಿರುಗಿಸಿತು. ಮುಕ್ಕಾಲು ಗಂಟೆ ನಡೆದು ಹಳ್ಳದ ಕೊನೆಯ ತಿರುವು ದಾಟಿದಾಗ ಕಂಡದ್ದು ಒಂದು ಪರಿಚಿತ ಹಳದಿ ಗೋಡೆ. ಅದು ಅವರದೇ ಶಾಲೆಯ ಬೆನ್ನು. ರಸ್ತೆಯಲ್ಲಿ ಬಂದಿದ್ದರೆ ಐದು ನಿಮಿಷ.

ಗೋಡೆಯ ಕೆಳಗೆ, ನೀರಿನಂಚಿನ ಕಲ್ಲಿನ ಮೇಲೆ, ಆನೆಮರಿಯಷ್ಟು ದೊಡ್ಡ ಬೋಗುಣಿಯನ್ನು ಸೋಪಿನ ಪುಡಿ ಹಾಕಿ ತಿಕ್ಕುತ್ತ ಕುಳಿತಿದ್ದವಳು ಬಿಸಿಯೂಟದ ಅಡುಗೆಯ ಫಕ್ಕೀರವ್ವ.

“ಬರ್ರೆಪಾ! ಹಸಕೊಂಡ ಬಂದೀರೇನು? ಉಪ್ಪಿಟ್ಟ ಮುಗದು ಹೋತು, ತಳಾ ತಿಕ್ಕಾಕತ್ತೇನಿ.”

ಅದೇ ಬೋಗುಣಿಯಿಂದ ಬೆಳಿಗ್ಗೆ ಮೂರು ಸಲ ಬಡಿಸಿಕೊಂಡಿದ್ದ ಸಿಂಹಕಂಠನು ಜರಡಿಯನ್ನು ಬೆನ್ನ ಹಿಂದೆ ಸರಿಸಿ, “ಏನಿಲ್ಲ ಚಿಗವ್ವಾ... ಹಿಂಗ ಬಂದಿದ್ವಿ,” ಎಂದನು.

ದಾಕ್ಷಾಯಿಣಿ ಮಾತ್ರ ಮೆಲ್ಲಗೆ ಹೇಳಿದಳು: “ಚಿಗವ್ವಾ, ಈ ಸೋಪಿನ ನೀರಿಗೆ ಕೆಳಗ ಹುಳ ಸಾಯಾಕತ್ತಾವು.”

ಫಕ್ಕೀರವ್ವನ ಕೈ ನಿಂತಿತು. ಅವಳು ದಫ್ತರವನ್ನೂ ಶಿಕ್ಷಕಿಯ ಮುಖವನ್ನೂ ನೋಡಿದಳು. “ಅಡಗಿಮನಿ ನಳ ಮುರದು ಎರಡ ತಿಂಗಳಾತು. ಹೇಳಿ ಹೇಳಿ ನನ್ನ ಬಾಯಿ ಬತ್ತಿ ಹೋತು. ಇದರಾಗ ನನ್ನ ಹೆಸರ ಬರದ್ರ ಕೆಲಸಾನ ಹೋಗತೈತವ್ವಾ.”

ರಾಜೇಸಾಬ ಪಿಸುಗುಟ್ಟಿದ: “ನೊರಿ ಎಲ್ಲಿಂದ ಬಂತೋ ಗೊತ್ತಾಗಲಿಲ್ಲ ಅಂತ ಬರಿ.”

“ಗೊತ್ತಾಗೇತಲ್ಲ?”

“ಹಂಗಾರ ಚಿಗವ್ವನ ಹೆಸರ ಬರೀತಿ ಏನ?”

ದಾಕ್ಷಾಯಿಣಿ ಗುರುವಿನತ್ತ ತಿರುಗಿದಳು. ಗುರು ಹೇಳಿದ್ದು ಇಷ್ಟೇ: “ನೀವ ನೋಡೀರಿ, ನೀವ ಬರೀರಿ.”

ಕುರುಕ್ಷೇತ್ರದ ನಡುವೆ ನಿಂತವರಿಗೂ ಇಷ್ಟು ಹೊತ್ತು ಬೇಕಾಗಿರಲಿಲ್ಲವೇನೋ. ಕೊನೆಗೆ ಅವಳು ಗೋಡೆಗೊರಗಿ ಬರೆದಳು. ಓದು ಬಾರದ ಫಕ್ಕೀರವ್ವ, “ಏನ್ ಬರದೀ, ಓದಿ ಹೇಳ,” ಎಂದಳು.

“ನೊರೆ ಬಂದ ಜಾಗ: ಶಾಲೆಯ ಅಡುಗೆಮನೆಯ ಹಿಂಭಾಗ. ನಾವು ಉಂಡ ಪಾತ್ರೆಗಳನ್ನು ಸೋಪು ಹಾಕಿ ತೊಳೆದ ನೀರು. ಕಾರಣ: ನಲ್ಲಿ ಮುರಿದು ಎರಡು ತಿಂಗಳಾದರೂ ಯಾರೂ ದುರಸ್ತಿ ಮಾಡಿಲ್ಲ.”

“ನಾವು ಅಂತ ಬರದೀ?”

“ಉಂಡಾವ್ರು ನಾವ ಅಲ್ಲನ?”

ಫಕ್ಕೀರವ್ವ ಸೋಪಿನ ಪುಡಿಯ ಪೊಟ್ಟಣ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಲೆಯ ಬೂದಿಯನ್ನೂ ತೆಂಗಿನ ನಾರನ್ನೂ ತಂದು ಮಹಾವೀರರ ಮುಂದಿಟ್ಟಳು.

“ಹಂಗಾರ ತಿಕ್ಕಾವ್ರೂ ನೀವ ಆಗ್ರಿ.”

ಕೂಡಲೇ ಹನ್ನೊಂದು ವೀರರು ಕೊಡ ಹಿಡಿದು ಸಾಲಾಗಿ ನಿಂತು, ತೊಳೆದ ನೀರು ಮತ್ತೆ ಹಳ್ಳ ಸೇರದಂತೆ, ಹಳ್ಳದ ನೀರನ್ನು ಅಂಗಳದ ನುಗ್ಗೆಮರದ ಬುಡಕ್ಕೆ ಸಾಗಿಸಿದರು. ಬೋಗುಣಿಯನ್ನು ಅಲ್ಲಿಗೆ ಉರುಳಿಸಲಾಯಿತು. ಕಬಡ್ಡಿರಣಭಯಂಕರನು ಸೊಂಟದವರೆಗೆ ಅದರೊಳಗೆ ಹೊಕ್ಕು, ಒಳಗಿನಿಂದಲೇ ಗುಡುಗುತ್ತ, ಮೊಣಕೈವರೆಗೆ ಬೂದಿಯಾಗಿ ತಿಕ್ಕಿದನು. ಅರ್ಧ ಗಂಟೆಯ ಘೋರ ಸಮರದ ಬಳಿಕ ಹೊರಬಂದು, ಬೆವರು ಒರೆಸಿಕೊಂಡು, ಜಯಘೋಷಕ್ಕಾಗಿ ಕಾದು ನಿಂತನು.

ಫಕ್ಕೀರವ್ವ ಒಳಗೆ ಬಗ್ಗಿ ನೋಡಿದಳು. ತಳಕ್ಕೆ ಬೆರಳಾಡಿಸಿದಳು.

“ಇಲ್ಲೊಂದು ಸಾಸಿವಿ ಉಳದೈತಿ ನೋಡ.”

ವೀರನು ನಾರು ಹಿಡಿದು ಮತ್ತೆ ಒಳಹೊಕ್ಕನು.